ಉಜ್ಜಿದ್ದೇ ಉಜ್ಜಿದ್ದು

ಜೂನ್ ೯

ಇವತ್ತು ಮನೆಗೆ ಎರಡು ಗಾಜಿನ ಬಿಲ್ಲೆಗಳು ಬಂದವು. ಊಟದ ತಟ್ಟೆಗಿಂತ ಒಂದು ಸುತ್ತು ಚಿಕ್ಕವು, ಎರಡು ಬೆರಳು ದಪ್ಪ. ಇವರು ಅವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಕನ್ನಡಕದಂಗಡಿಯವರು. ಇವರ ಬಾಲ್ಯದ ಗೆಳೆಯ. ಊರಿಗೆಲ್ಲ ಕನ್ನಡಕ ಮಾಡಿಕೊಡುವ ಅವರ ಕನ್ನಡಕವೇ ಎಲ್ಲರಿಗಿಂತ ದಪ್ಪ, ಅದಕ್ಕೇ ಅವರಿಗೆ ಸೋಡಾಬುಡ್ಡಿ ಎಂದು ಹೆಸರು.

"ಅತ್ತಿಗೆ, ಒಂದರ ಮೇಲೊಂದು ಇಟ್ಟು, ನಡುವೆ ಪುಡಿ ನೀರು ಹಾಕಿ ಉಜ್ತಾ ಹೋಗೋದು ಅಷ್ಟೇ. ಮೇಲಿನ ಗಾಜು ತಾನಾಗೇ ಬಟ್ಟಲಿನ ಹಾಗೆ ತಗ್ಗಾಗುತ್ತೆ. ಅದಕ್ಕೆ ಬೆಳ್ಳಿ ಲೇಪ ಹಾಕ್ಸಿದ್ರೆ ದೂರದರ್ಶಕದ ಕನ್ನಡಿ. ಶನಿಗ್ರಹದ ಸುತ್ತ ಇರೋ ಬಳೆ ಕೂಡ ಕಾಣುತ್ತೆ" ಎಂದರು.

"ಶನಿನಾ? ಜನ ಶನಿ ಬಿಟ್ಟು ಹೋದ್ರೆ ಸಾಕಪ್ಪಾ ಅಂತಾರೆ, ಇವ್ರು ಹುಡುಕ್ಕೊಂಡು ಹೋಗ್ತಾರಾ? ಮನೆಗೆ ವಕ್ಕರಿಸಿರೋದು ಸಾಲ್ದಾ?" ಎಂದುಬಿಟ್ಟೆ.

ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಇವರ ಒಂದು ಕಣ್ಣಿನ ನಡುಭಾಗ ಹೋದ ವರ್ಷವೇ ಮಂಜಾಯಿತು. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಬಸ್ ಓಡಿಸುವವರಿಗೆ ನೇರ ನೋಡಿದ್ದೇ ಕಾಣದಿದ್ದರೆ ಹೇಗೆ? ಡಿಪೋದ ಡಾಕ್ಟರು ಏಪ್ರಿಲ್‌ನಲ್ಲಿ ಲೈಸೆನ್ಸ್ ಕಿತ್ತುಕೊಂಡರು. ಈಗ ಇನ್ನೊಂದು ಕಣ್ಣಿನಲ್ಲೂ ಅದೇ ಶುರುವಾಗಿದೆ. ಅಕ್ಷರ ಕಾಣುವುದಿಲ್ಲ. ಅದು ಪೂರ್ತಿ ಮುಚ್ಚಿಹೋಗುವ ಮೊದಲು ತಾನೇ ಉಜ್ಜಿದ ಕನ್ನಡಿಯಲ್ಲಿ ಶನಿಯ ಬಳೆ ನೋಡಬೇಕಂತೆ.

ಅದಕ್ಕೊಂದು ಕಥೆ. ಎಷ್ಟೋ ವರ್ಷದ ಹಿಂದೆ ಕೊನೇ ಸ್ಟಾಪಿನ ಮೈದಾನದಲ್ಲಿ ಯಾರೋ ದೂರದರ್ಶಕ ಇಟ್ಟಿದ್ದರಂತೆ. ಪ್ರಯಾಣಿಕರೆಲ್ಲ ಇಳಿದು ಹೋಗಿ ನೋಡಿದರು, ಕಂಡಕ್ಟರೂ ನೋಡಿ ಬಂದ. ಇವರು ಸೀಟಿನಲ್ಲೇ ಕೂತಿದ್ದರು. ಹೊರಡುವ ಹೊತ್ತಾಗಿತ್ತು.

ಈ ಪುಸ್ತಕ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೇಳಿಕೊಳ್ಳಲು ಯಾರೂ ಇಲ್ಲ. ಬೇರೆ ಊರಿನಲ್ಲಿರುವ ಮಗಳಿಗೆ ಹೇಳಿದರೆ ಅಳುತ್ತಾಳೆ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಇದನ್ನು ಬಚ್ಚಿಡುವ ತಾಪತ್ರಯವೂ ಇಲ್ಲ. ಮೇಜಿನ ಮೇಲೆ ಬಿಚ್ಚಿಟ್ಟರೂ ಇವರಿಗೆ ಓದಲಾಗದು.

ಛೆ, ಹೀಗೆ ಬರೆದೆನಲ್ಲ ನಾನು.

ಜೂನ್ ೧೭

ಹಿಂದಿನ ಕೋಣೆಯಲ್ಲಿ ಒಂದು ತಗಡಿನ ಡ್ರಮ್ಮು. ಅದರ ಮೇಲೆ ಒಂದು ಗಾಜನ್ನು ಕೂರಿಸಿ, ಇನ್ನೊಂದನ್ನು ಎರಡೂ ಅಂಗೈಯಿಂದ ಒತ್ತಿ ಹಿಂದೆ ಮುಂದೆ ಉಜ್ಜುತ್ತಾರೆ. ಆರೇಳು ಸಲ ಉಜ್ಜಿ ಡ್ರಮ್ಮಿನ ಸುತ್ತ ಒಂದು ಹೆಜ್ಜೆ. ಮತ್ತೆ ಉಜ್ಜು, ಮತ್ತೆ ಹೆಜ್ಜೆ. ಥೇಟು ಗಾಣದೆತ್ತು. ಒಂದೇ ಕಡೆ ನಿಂತು ಉಜ್ಜಿದರೆ ಸೊಟ್ಟ ಸವೆಯುತ್ತದಂತೆ.

ಆ ಸದ್ದು! ಬೀಸುಕಲ್ಲಿನಲ್ಲಿ ಮರಳು ಹಾಕಿ ಬೀಸಿದ ಹಾಗೆ. ಬೂದು ಬಣ್ಣದ ಕೆಸರು ನೆಲಕ್ಕೆ, ಕಿಟಕಿ ಕಟ್ಟೆಗೆ, ಬಾಗಿಲ ಹಿಡಿಗೆ. ನಾನು ಲಾಂಡ್ರಿಯಲ್ಲಿ ಕಲೆ ತೆಗೆಯುವವಳು. ದಿನವಿಡೀ ದೀಪದ ಕೆಳಗೆ ಊರವರ ಅಂಗಿಯ ಕಲೆ ಹುಡುಕಿ ಹುಡುಕಿ ತೆಗೆದು ಮನೆಗೆ ಬಂದರೆ ಇಲ್ಲಿ ಈ ಅವತಾರ.

"ಉಜ್ಜೋದೇ ಆಸೆ ಇದ್ರೆ ಪಾತ್ರೆ ಉಜ್ರೀ, ಪುಣ್ಯ ಬರುತ್ತೆ" ಎಂದೆ.

"ಪಾತ್ರೆ ಒಂದು ಸಲ ಉಜ್ಜಿದ್ರೆ ಮುಗೀತು ಕಣೇ" ಎಂದರು.

ಅದೇನು ಉತ್ತರವೋ. ಕೆಳಮನೆಯಾಕೆ ಎರಡು ಸಲ ಬಾಗಿಲು ತಟ್ಟಿ ಹೋದಳು, ಹಿಟ್ಟಿನ ಗಿರಣಿ ಇಟ್ಟಿದ್ದೀರಾ ಎಂದು ಕೇಳಿ. ನನಗೆ ಮಾನ ಹೋಯಿತು.

ಜುಲೈ ೩

ಕಣ್ಣಾಸ್ಪತ್ರೆ. ಗೋಡೆಯ ಮೇಲಿನ ದೊಡ್ಡ ಅಕ್ಷರವನ್ನೂ ಇವರು ತಲೆ ಓರೆ ಮಾಡಿ, ಕಡೆಗಣ್ಣಿನಿಂದ ಹುಡುಕಿ ಹೇಳಿದರು. ಡಾಕ್ಟರಮ್ಮ ಇವರನ್ನು ಹೊರಗೆ ಕೂರಿಸಿ ನನಗೆ ಹೇಳಿದರು: "ಇಂಜೆಕ್ಷನ್‌ನಿಂದ ಸ್ವಲ್ಪ ನಿಧಾನ ಆಗುತ್ತೆ, ನಿಲ್ಲಲ್ಲ. ವರ್ಷದ ಕೊನೇವರೆಗೂ ನಡುಭಾಗ ಉಳಿದ್ರೆ ಅದೇ ದೊಡ್ಡದು. ಪ್ರತಿ ತಿಂಗಳು ತಪ್ಪದೆ ಬನ್ನಿ."

ಬಸ್ಸಿನಲ್ಲಿ ಇವರೇ ಕೇಳಿದರು. "ಎಷ್ಟು ದಿನ ಅಂತೆ?"

"ಏನೂ ಹೇಳ್ಲಿಲ್ಲ."

"ಸೋಡಾಬುಡ್ಡಿ ಹೇಳ್ದ, ಶನಿ ಡಿಸೆಂಬರ್ ತನಕ ಸಂಜೆ ಹೊತ್ತು ಕಾಣುತ್ತಂತೆ. ಆಮೇಲೆ ಸೂರ್ಯನ ಹಿಂದೆ ಹೋಗ್ಬಿಡುತ್ತೆ. ಮತ್ತೆ ಸಂಜೆ ಆಕಾಶಕ್ಕೆ ಬರೋದು ಮುಂದಿನ ವರ್ಷಾನೇ."

ಮುಂದಿನ ವರ್ಷ ಎಂಬ ಮಾತಿಗೆ ಇಬ್ಬರೂ ಕಿಟಕಿಯ ಆಚೆ ನೋಡಿದೆವು. ಮನೆಗೆ ಬಂದವರು ಚಪ್ಪಲಿ ಬಿಟ್ಟವರೇ ಹೋಗಿ ಉಜ್ಜತೊಡಗಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಪಕ್ಕದಲ್ಲಿ ಕೂತು ಒಂದು ಮಾತಾಡಬಾರದೇ? ಅಳಬಾರದೇ? ಗಾಜಿನ ಜೊತೆ ಸಂಸಾರ ಮಾಡುವವರಿಗೆ ಹೆಂಡತಿ ಯಾಕೆ?

ಜುಲೈ ೨೦

ನಾನೇನು ಬೇಕೆಂದು ಮಾಡಲಿಲ್ಲ.

ಜುಲೈ ೨೧

ನಿನ್ನೆ ಮುಂದೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಪುಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು: ಮೊದಲು ಸಕ್ಕರೆಯಂಥ ದಪ್ಪ ಪುಡಿ, ಆಮೇಲೆ ಅದಕ್ಕಿಂತ ಸಣ್ಣದು, ಕೊನೆಗೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲವನ್ನೂ ತೊಳೆದು, ಹಳೆಯ ಪುಡಿಯ ಒಂದು ಕಾಳೂ ಉಳಿಯದ ಹಾಗೆ ನೋಡಿಕೊಳ್ಳಬೇಕು. ಇವರು ಕೊನೆಯ ನಯದ ಪುಡಿಗೆ ಬಂದಿದ್ದರು.

ಭಾನುವಾರ ಇವರು ಸ್ನಾನಕ್ಕೆ ಹೋದಾಗ ನಾನು ಆ ಕೋಣೆಗೆ ನುಗ್ಗಿದೆ. ಕೊಳಕು ಸಹಿಸಲು ನನಗೆ ಆಗುವುದಿಲ್ಲ, ಹುಟ್ಟುಗುಣ. ಕಿಟಕಿ ಕಟ್ಟೆ ಒರೆಸಿದೆ, ಬಾಗಿಲು ಒರೆಸಿದೆ, ಅದೇ ಬಟ್ಟೆಯಲ್ಲಿ ಡ್ರಮ್ಮನ್ನೂ ಗಾಜನ್ನೂ ಲಕಲಕ ಎನ್ನುವ ಹಾಗೆ ಒರೆಸಿಟ್ಟೆ. ಕಿಟಕಿ ಕಟ್ಟೆಯ ಮೇಲೆ ಜೂನ್ ತಿಂಗಳ ದಪ್ಪ ಪುಡಿ ಬಿದ್ದಿತ್ತು.

ಇವರು ಬಂದು ನಾಲ್ಕು ಸಲ ಉಜ್ಜಿದರು. ಐದನೆಯದಕ್ಕೆ 'ಕರ್ರ್' ಎಂದಿತು. ಅಡುಗೆಮನೆಗೆ ಕೇಳಿಸಿತು, ಓಡಿಬಂದೆ.

ಒಂದು ಗೀರು. ಬಿಲ್ಲೆಯ ಈ ತುದಿಯಿಂದ ಅರ್ಧದವರೆಗೆ. ಇವರಿಗೆ ಕಾಣಲಿಲ್ಲ, ಉಗುರಿನಿಂದ ತಡವಿ ನೋಡಿದರು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯ ಕಡೆಗೆ ತಿರುಗಿದರು, ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಬಯ್ದು ಹಗುರಾಗುತ್ತಿದ್ದೆ.

ಸೋಡಾಬುಡ್ಡಿ ಸಂಜೆ ಬಂದು ಭೂತಗನ್ನಡಿ ಹಿಡಿದು ನೋಡಿ, "ಆಳ ಇದೆ. ದಪ್ಪ ಪುಡಿಯಿಂದ ಮತ್ತೆ ಮೊದಲಿಂದ ಬರ್ಬೇಕು. ಇವನೊಬ್ಬನೇ ಉಜ್ಜಿದ್ರೆ ಡಿಸೆಂಬರಿಗೆ ಆಗಲ್ಲ ಅತ್ತಿಗೆ" ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೋದರು.

ಇವರು ಗೋಡೆ ಕಡೆಗೆ ಮುಖ ಮಾಡಿ ಮಲಗಿದ್ದಾರೆ. ಬೆನ್ನು ನೋಡಿದರೆ ನಿದ್ದೆ ಬಂದಿಲ್ಲ ಎಂದು ಗೊತ್ತಾಗುತ್ತದೆ. ಆ ಕಣ್ಣಿನ ದಿನಗಳನ್ನು ನಾನು ಒರೆಸಿ ಹಾಕಿದೆನಲ್ಲ ದೇವರೇ.

ಜುಲೈ ೨೩

ಲಾಂಡ್ರಿಯಿಂದ ಬಂದವಳೇ ಸೆರಗು ಸಿಕ್ಕಿಸಿಕೊಂಡು ಡ್ರಮ್ಮಿನ ಮುಂದೆ ನಿಂತೆ. "ತೋರಿಸ್ರೀ, ಹೇಗೆ ಅಂತ."

"ನಿನ್ನ ಕೈಲಿ ಆಗಲ್ಲ ಬಿಡು."

"ಕೆಡಿಸೋಕೆ ಆಯ್ತಲ್ಲ?"

ಮೊದಲ ಸಲ ಸ್ವಲ್ಪ ನಕ್ಕರು. ನನಗೆ ನಗು ಬರಲಿಲ್ಲ.

ಜುಲೈ ೩೧

ಹೆಗಲು ಬಿದ್ದುಹೋಗಿದೆ.

ಆಗಸ್ಟ್ ೧೨

ಬೆಳಿಗ್ಗೆ ಇವರು, ಸಂಜೆ ನಾನು. ನಾನು ಉಜ್ಜುವಾಗ ಇವರು ಮೋಟು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡು ಕೇಳುತ್ತಿರುತ್ತಾರೆ. ಪುಡಿ ಹೊಸದಾಗಿದ್ದಾಗ ಒಂದು ಸದ್ದು. ಸವೆದಾಗ ಇನ್ನೊಂದು, ಒಣ ಎಲೆ ಸರಿದಷ್ಟು ಮೆತ್ತಗೆ.

"ಪುಡಿ ಸತ್ತಿದೆ, ಹೊಸದು ಹಾಕು" ಎನ್ನುತ್ತಾರೆ. "ಒತ್ಬೇಡ, ಭಾರ ತಾನೇ ಬೀಳುತ್ತೆ. ಎಡಗೈ ಜಾಸ್ತಿ ಒತ್ತುತ್ತಿದ್ದೀಯ."

"ನಿಮಗೇನು ಕಾಣುತ್ತಾ?"

"ಕೇಳುತ್ತೆ. ಮೂವತ್ತು ವರ್ಷ ಗೇರು ಹಾಕಿದವನಿಗೆ ಹಲ್ಲು ಕಚ್ಚೋ ಸದ್ದು ಗೊತ್ತಾಗಲ್ವಾ?"

ಇದು ನಾನು ಮಾಡಿದ ತಪ್ಪಿಗೆ ಕಟ್ಟುವ ದಂಡ, ಮಾಡಿದ್ದುಣ್ಣೋ ಮಹರಾಯ. ದಂಡ ತೀರಿದ ದಿನ ಆ ಡ್ರಮ್ಮನ್ನು ಗುಜರಿಗೆ ಹಾಕುವವಳು ನಾನೇ. ಇವತ್ತು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಉಜ್ಜಿದೆ, ಅನ್ನ ಸೀದುಹೋಯಿತು.

ಆಗಸ್ಟ್ ೨೮

ಗೀರು ಹೋಯಿತು! ಉಗುರಿಗೂ ಸಿಗುವುದಿಲ್ಲ, ಭೂತಗನ್ನಡಿಗೂ ಸಿಗುವುದಿಲ್ಲ. ಇವರಿಗೆ ಹೇಳಿದೆ, "ರೀ, ಹೋಯ್ತು" ಎಂದು. ನನ್ನ ತಲೆ ಮೇಲೆ ಕೈಯಿಟ್ಟು ಹಾಗೇ ಒಂದು ಗಳಿಗೆ ನಿಂತರು. ಕೈ ತುಂಬ ಬೂದು ಕೆಸರು, ನನ್ನ ಕೂದಲೆಲ್ಲ ಹೊಲಸು. ತೊಳೆದುಕೊಳ್ಳಲು ಹೋಗಲಿಲ್ಲ, ಯಾಕೋ ನೆನಪಾಗಲಿಲ್ಲ.

ಮಗಳು ಫೋನು ಮಾಡಿದ್ದಳು. "ಅಮ್ಮ, ಅಪ್ಪನ್ನ ಕರ್ಕೊಂಡು ಇಲ್ಲಿಗೆ ಬಂದ್ಬಿಡು. ಇಲ್ಲಿ ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ಕೂತು ಗಾಜು ಉಜ್ಜಿಕೊಂಡಿದ್ರೆ ಏನು ಬಂತು?"

ನನ್ನದೇ ಮಾತು, ನನ್ನದೇ ಧ್ವನಿ. ಜೂನ್ ತಿಂಗಳ ನಾನು. "ನೋಡೋಣ ಕಣೇ, ಈ ನಯದ ಪುಡಿ ಒಂದು ಮುಗೀಲಿ" ಎಂದೆ. ಆಮೇಲೆ ಯೋಚಿಸಿದರೆ, ಕಣ್ಣಿನ ವಿಚಾರ ಕೇಳಿದವಳಿಗೆ ಪುಡಿಯ ವಿಚಾರ ಹೇಳಿದ್ದೇನೆ.

ಸೆಪ್ಟೆಂಬರ್ ೧೪

ಈಗ ಹೊಳಪು ಕೊಡುವ ಕೆಲಸ. ಕೆಳಗಿನ ಬಿಲ್ಲೆಯ ಮೇಲೆ ಡಾಂಬರಿನಂಥ ಅಂಟು ಕರಗಿಸಿ ಹೊಯ್ದು, ಅದಕ್ಕೆ ಕುಂಕುಮಕ್ಕಿಂತ ಕೆಂಪಾದ ಒಂದು ಪುಡಿ ಹಚ್ಚಿ ಉಜ್ಜುವುದು. ಆ ಕೆಂಪು ಒಮ್ಮೆ ಅಂಟಿದರೆ ಮುಗಿಯಿತು. ಉಗುರು ಕೆಂಪು, ಸೀರೆಯ ಅಂಚು ಕೆಂಪು. ಇವತ್ತು ಲಾಂಡ್ರಿಯಲ್ಲಿ ಯಾರದೋ ಬಿಳಿ ಅಂಗಿಗೆ ನನ್ನ ಹೆಬ್ಬೆರಳಿನ ಗುರುತು ಬಿತ್ತು. ಕಲೆ ತೆಗೆಯುವವಳೇ ಕಲೆ ಮಾಡಿದಳು ಎಂದು ಎಲ್ಲರೂ ನಕ್ಕರು. ಮೂರು ತರಹದ ನೀರು ಹಾಕಿ ತಿಕ್ಕಿದರೂ ಅದು ಹೋಗಲಿಲ್ಲ.

ಸಂಜೆ ಇವರನ್ನು ಕೇಳಿದೆ, "ಬಸ್ ಓಡಿಸೋವಾಗ ದಿನಾ ಅದೇ ದಾರಿ, ಬೇಜಾರಾಗ್ತಿರ್ಲಿಲ್ವಾ?"

"ಕೊನೇ ಸ್ಟಾಪಲ್ಲಿ ಬೇಜಾರಾಗ್ತಿತ್ತು. ಜನ ಎಲ್ಲ ಕೊನೇ ಸ್ಟಾಪ್ ಬಂತಾ ಬಂತಾ ಅಂತ ಕೇಳ್ತಿರ್ತಾರೆ. ಅಲ್ಲೇನಿದೆ ಹೇಳು? ಒಂದು ಚಹಾ ಅಂಗಡಿ, ಒಂದು ಗಬ್ಬುನಾತದ ಪಾಯಿಖಾನೆ. ನಾನು ಬೇಗ ಬೇಗ ಬಸ್ ತಿರುಗಿಸ್ಕೊಂಡು ಹೊರಟುಬಿಡ್ತಿದ್ದೆ."

ಚೆನ್ನಾಗಿ ಹೇಳಿದಿರಿ ಎಂದು ನಕ್ಕೆ. ನಕ್ಕರೆ ಕೈ ಅಲುಗುತ್ತದೆ ಎಂದು ಬಯ್ದರು.

ಅಕ್ಟೋಬರ್ ೫

ಇವತ್ತು ಮೊದಲ ಪರೀಕ್ಷೆ. ಕನ್ನಡಿಯನ್ನು ಕೋಣೆಯ ಆ ತುದಿಯಲ್ಲಿ ನಿಲ್ಲಿಸಿ, ಈ ತುದಿಯಲ್ಲಿ ದೀಪಕ್ಕೆ ಸೂಜಿತೂತಿನ ಡಬ್ಬಿ ಮುಚ್ಚಿದೆವು. ಬೆಳಕು ಕನ್ನಡಿಗೆ ಹೋಗಿ ವಾಪಸ್ ಬಂದು ಕೂಡುವ ಜಾಗದಲ್ಲಿ ಕಣ್ಣಿಟ್ಟು, ಗಡ್ಡದ ಬ್ಲೇಡನ್ನು ಅಡ್ಡಕ್ಕೆ ಕೂದಲೆಳೆಯಷ್ಟು ಸರಿಸಬೇಕು. ಗಾಜಿನ ಮೈಯೆಲ್ಲ ಸರಿಯಾಗಿದ್ದರೆ ಕನ್ನಡಿ ಇಡಿಯಾಗಿ ಒಂದೇ ಸಲ ಕಪ್ಪಾಗುತ್ತದೆ. ಉಬ್ಬುತಗ್ಗು ಇದ್ದರೆ ಅಲ್ಲಲ್ಲಿ ನೆರಳು ಕಾಣುತ್ತದೆ.

ಇವರು ಕಣ್ಣಿಟ್ಟರು. ತಲೆ ಓರೆ ಮಾಡಿದರು. ಆ ಕಣ್ಣು, ಈ ಕಣ್ಣು. ಆಮೇಲೆ ಸ್ಟೂಲಿನಿಂದ ಎದ್ದು, "ನೀನು ನೋಡು" ಎಂದರು. ಆ ಎರಡು ಪದ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ನೋಡಿದೆ. ಅಬ್ಬಬ್ಬಾ! ನಯವಾದ ಗಾಜು ಎಂದುಕೊಂಡಿದ್ದೆ, ಅಲ್ಲಿ ದಿಣ್ಣೆ ಇದೆ, ಹಳ್ಳವಿದೆ. ತೊಳೆದು ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ ಉಳಿದ ಮಾಸಲು ಕಲೆಯ ಹಾಗೆ. ಅಂಥದ್ದನ್ನು ಹಿಡಿಯುವುದೇ ನನ್ನ ಕಸುಬಲ್ಲವೇ? ಹೇಳುತ್ತಾ ಹೋದೆ, ಇವರು ಗಾಳಿಯಲ್ಲಿ ಬೆರಳಾಡಿಸಿ ಅಂದಾಜು ಮಾಡಿದರು. "ನಡುವೆ ದಿಣ್ಣೆ ಅಂದ್ಯಾ? ಎಷ್ಟಗಲ? ಹಾಗಾದ್ರೆ ಕೈ ಉದ್ದಕ್ಕೆ ಚಾಚಿ ಉಜ್ಬೇಕು."

ಹತ್ತು ನಿಮಿಷ ಉಜ್ಜು, ತಣ್ಣಗಾಗಲು ಬಿಡು, ನೋಡು. ಮತ್ತೆ ಉಜ್ಜು.

ಅಕ್ಟೋಬರ್ ೧೭

ದಿಣ್ಣೆ ಇಳಿಯಿತು, ಅಂಚು ಎದ್ದಿತು. ಅಂಚು ಇಳಿಸಿದರೆ ನಡುವೆ ಹಳ್ಳ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇವತ್ತು ನಾನೇ ಒಂದು ಉಪಾಯ ಹೇಳಿದೆ, ಗಾಜನ್ನು ಕೊಂಚ ಪಕ್ಕಕ್ಕೆ ಸರಿಸಿ ಉಜ್ಜೋಣ ಎಂದು. ಕೆಲಸ ಮಾಡಿತು! ಸೋಡಾಬುಡ್ಡಿಗೆ ಫೋನು ಮಾಡಿ ಹೇಳಿದೆ. ಅವರು ಮಗನ ಮನೆಗೆ ಹೋಗಿದ್ದಾರೆ, ಬರುವುದು ಮುಂದಿನ ತಿಂಗಳ ನಡುವಿಗೆ, ಕನ್ನಡಿ ಮುಗಿದರೆ ಮೊದಲೇ ಬರುತ್ತಾರಂತೆ. "ಅತ್ತಿಗೆ, ಅದು ಪುಸ್ತಕದಲ್ಲೇ ಇದೆ" ಎಂದರು. ಇರಲಿ, ನಾನು ಪುಸ್ತಕ ಓದಿಲ್ಲ.

ನೆಲ ಒರೆಸದೆ ಎಷ್ಟು ದಿನವಾಯಿತೋ. ಕೆಳಮನೆಯಾಕೆ ಈಗ ಬಾಗಿಲು ತಟ್ಟುವುದು ಬಿಟ್ಟಿದ್ದಾಳೆ. ಅಂಟಿನ ಮೇಲೆ ಉಜ್ಜುವ ಸದ್ದು ಬೆಕ್ಕು ಗುರುಗುಟ್ಟಿದಷ್ಟೇ.

ಅಕ್ಟೋಬರ್ ೧೯

ಕ್ಯಾಲೆಂಡರ್ ನೋಡಿದೆ. ಹದಿನೈದಕ್ಕೆ ಕಣ್ಣಾಸ್ಪತ್ರೆಗೆ ಹೋಗಬೇಕಿತ್ತು. ಇಬ್ಬರಿಗೂ ಮರೆತುಹೋಗಿದೆ. ಫೋನು ಮಾಡಿದರೆ ಇನ್ನು ನವೆಂಬರ್ ಹತ್ತಕ್ಕೇ ಜಾಗವಿರುವುದಂತೆ.

ಏನು ಹೆಂಗಸು ನಾನು? ಗಂಡನ ಕಣ್ಣು ಮರೆತು ಗಾಜಿನ ದಿಣ್ಣೆ ನೋಡುತ್ತಾ ಕೂತವಳು.

ಅಕ್ಟೋಬರ್ ೨೪

ಬ್ಲೇಡು ಸರಿಸಿದೆ. ಇಡೀ ಕನ್ನಡಿ, ದೀಪ ಸಣ್ಣದು ಮಾಡಿದ ಹಾಗೆ, ಬೂದಾಗಿ ಒಮ್ಮೆಗೇ ಕಪ್ಪಾಯಿತು. ನೆರಳಿಲ್ಲ, ದಿಣ್ಣೆಯಿಲ್ಲ. ಇನ್ನೊಮ್ಮೆ ನೋಡಿದೆ. ಮತ್ತೂ ಒಮ್ಮೆ. ಅಷ್ಟು ಶುಭ್ರವಾದದ್ದನ್ನು ನನ್ನ ಜೀವಮಾನದಲ್ಲಿ ನೋಡಿಲ್ಲ.

"ಏನಾಯ್ತೇ?" ಎಂದರು ಇವರು.

"ಇನ್ನೂ... ಬಲಗಡೆ ಅಂಚಲ್ಲಿ ಒಂದು ಚೂರು ಇದೆ" ಎಂದೆ.

ಬಾಯಿಂದ ತಾನಾಗಿಯೇ ಬಂತು. ಬಂದ ಮೇಲೆ ನುಂಗಲಾಗಲಿಲ್ಲ.

"ಹೌದಾ. ನಾಳೆ ಉಜ್ಜೋಣ ಬಿಡು" ಎಂದರು.

ನಾಳೆ ಹೇಳಿಬಿಡುತ್ತೇನೆ.

ಅಕ್ಟೋಬರ್ ೨೯

ಹೇಳಿಲ್ಲ. ಹೊಳಪು ಕೆಡಬಾರದೆಂದು ಕೆಂಪು ಪುಡಿ ಹಾಕದೆ ಬರೀ ನೀರು ಚಿಮುಕಿಸಿ, ಭಾರ ಬಿಡದೆ ಮೆಲ್ಲಗೆ ಉಜ್ಜುತ್ತಿದ್ದೇನೆ. ಇವರು ಸ್ಟೂಲಿನ ಮೇಲೆ ಕೂತು ಡಿಪೋದ ಹಳೇ ಕಥೆ ಹೇಳುತ್ತಾರೆ. ಬ್ರೇಕು ಹಿಡಿಯದ ಬಸ್ಸು, ಟಿಕೇಟು ತಗೊಳ್ಳದೆ ಕೋಳಿ ಸಾಗಿಸಿದ ಮುದುಕಿ. ಮದುವೆಯಾಗಿ ಇಷ್ಟು ವರ್ಷವಾದರೂ ಒಂದನ್ನೂ ಕೇಳಿರಲಿಲ್ಲ ನಾನು. ಇವರು ಬರುವ ಹೊತ್ತಿಗೆ ನಾನು ಮಲಗಿರುತ್ತಿದ್ದೆ, ನಾನು ಏಳುವಾಗ ಇವರು ಹೋಗಿರುತ್ತಿದ್ದರು.

ಮುಗಿಯಿತು ಎಂದು ಹೇಳಿದರೆ ನಾಳೆ ಸಂಜೆ ಲಾಂಡ್ರಿಯಿಂದ ಬಂದು ನಾನು ಏನು ಮಾಡಲಿ? ಇವರು ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ನಾನು ನೆಲ ಒರೆಸುತ್ತೇನೆ. ಅಷ್ಟೇ ತಾನೇ.

ನವೆಂಬರ್ ೪

ಇವತ್ತೂ ಹೇಳಲಿಲ್ಲ.

ನವೆಂಬರ್ ೧೦

ಕಣ್ಣಾಸ್ಪತ್ರೆ. ಡಾಕ್ಟರಮ್ಮ ಗೋಡೆಯ ದೊಡ್ಡ ಅಕ್ಷರ ತೋರಿಸಿ ಕೇಳಿದರು. ಇವರಿಗೆ ಓರೆ ನೋಡಿದರೂ ಸಿಗಲಿಲ್ಲ. "ಇಲ್ಲಿ ನಿಮ್ಮ ಮನೆಯವರು ನಿಂತಿದ್ದಾರೆ, ಮುಖ ಕಾಣುತ್ತಾ?" ಎಂದು ಕೇಳಿದರು.

ಇವರು ನನ್ನ ಕಡೆ ನೇರ ನೋಡಿದರು. ಆಮೇಲೆ ಮೆಲ್ಲಗೆ ಮುಖ ಪಕ್ಕಕ್ಕೆ ತಿರುಗಿಸಿ, "ಕಿವಿ ಓಲೆ ಕಾಣುತ್ತೆ" ಎಂದರು.

ನಾನು ಹೊರಗೆ ಬಂದು ನಲ್ಲಿ ತಿರುಗಿಸಿ ಮುಖ ತೊಳೆದೆ, ತೊಳೆದೆ, ತೊಳೆಯುತ್ತಲೇ ಇದ್ದೆ. ಗೀರು ಬಿದ್ದಾಗ ಆ ಕಣ್ಣಿನ ದಿನಗಳನ್ನು ಗೊತ್ತಿಲ್ಲದೆ ಕದ್ದೆ. ಈ ಸಲ ಗೊತ್ತಿದ್ದೇ ಕದ್ದಿದ್ದೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೆ ನನ್ನ ಹುಣ್ಣು ಆ ಕನ್ನಡಿಯಲ್ಲೇ ಇದೆ.

ನವೆಂಬರ್ ೧೧

ಹೇಳಿದೆ. ಡ್ರಮ್ಮಿನ ಮುಂದೆ ನಿಂತೇ ಹೇಳಿದೆ. "ರೀ, ಕನ್ನಡಿ ಮುಗಿದು ಎರಡು ವಾರ ದಾಟಿತು. ಸುಳ್ಳು ಹೇಳ್ದೆ ನಿಮಗೆ. ಯಾಕೆ ಅಂತ ಕೇಳ್ಬೇಡಿ, ನನಗೇ ಗೊತ್ತಿಲ್ಲ."

ಇವರು ತೊಡೆಯ ಮೇಲಿನ ಬಟ್ಟೆ ಮಡಿಚುತ್ತಾ, "ಗೊತ್ತಿತ್ತು" ಎಂದರು.

"ಏನು?"

"ಬರೀ ನೀರು ಹಾಕಿ ಉಜ್ಜೋ ಸದ್ದು ನನಗೆ ಗೊತ್ತಾಗಲ್ವೇನೇ? ಮೊದಲನೇ ದಿನಾನೇ ಗೊತ್ತಾಯ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಮತ್ತೆ ಬಾಯಿ ಬಿಟ್ಟು ಹೇಳ್ಬಾರ್ದಾ? ನಿಮ್ಮ ಕಣ್ಣು ಕಣ್ರೀ! ನನ್ನದಲ್ಲ!"

"ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀನು ಕೋಳಿ ಮುದುಕಿ ಕಥೆ ಇನ್ನೊಂದು ಸಲ ಹೇಳಿ ಅಂದೆ."

ಕಳ್ಳರು. ಇಬ್ಬರೂ ಕಳ್ಳರು. ಒಬ್ಬರ ಜೇಬಿಗೆ ಒಬ್ಬರು ಕೈ ಹಾಕಿಕೊಂಡು ಕೂತಿದ್ದೆವು. ಜಗಳವಾಡಿದೆವು, ಜೋರಾಗಿಯೇ. ನಾನು ಅತ್ತೆ. ಜೂನ್‌ನಿಂದ ಮೊದಲ ಸಲ ಇವರೂ ಅತ್ತರು. ಕೆಳಮನೆಯಾಕೆ ಬಾಗಿಲು ತಟ್ಟಿದಳು.

ನವೆಂಬರ್ ೧೭

ಸೋಡಾಬುಡ್ಡಿ ಬಂದು ಪರೀಕ್ಷೆ ಮಾಡಿದರು. ಕಣ್ಣು ತೆಗೆಯದೆ ನೋಡಿ, "ಯಾರ್ರೀ ಕೊನೇ ಕೈ ಹಾಕಿದ್ದು?" ಎಂದರು. ಇವರು ನನ್ನ ಕಡೆ ತೋರಿಸಿದರು. ಲೇಪಕ್ಕೆ ಕಳಿಸಿದ್ದಾಯಿತು. ಬರುವುದು ತಡವಂತೆ.

ಡ್ರಮ್ಮು ಖಾಲಿ ಇದೆ. ಅದರ ಮೇಲೆ ಬಟ್ಟೆ ಬುಟ್ಟಿ ಇಟ್ಟೆ, ಸರಿಕಾಣದೆ ತೆಗೆದೆ.

ಡಿಸೆಂಬರ್ ೬

ಕನ್ನಡಿ ಬಂದು ನಾಲ್ಕು ದಿನವಾಗಿತ್ತು, ಮೋಡ ಬಿಟ್ಟಿರಲಿಲ್ಲ. ಇವತ್ತು ಬಿಟ್ಟಿತು. ಕತ್ತಲಾಗುತ್ತಿದ್ದ ಹಾಗೆ ಸೋಡಾಬುಡ್ಡಿ ಕನ್ನಡಿ ಕೂರಿಸಿದ ಉದ್ದದ ಕೊಳವೆಯನ್ನು ತಾರಸಿಗೆ ಹೊತ್ತುತಂದು, ಗ್ರಹವನ್ನು ಹಿಡಿದುಕೊಟ್ಟು, "ಮೊದಲು ಡ್ರೈವರ್ ಸಾಹೇಬ್ರು" ಎಂದು ಹೇಳಿ, ತಾವು ಬೇಕೆಂದೇ ದೂರ ಹೋಗಿ ನಿಂತರು.

ಇವರು ಬಗ್ಗಿದರು. ನೇರ ನೋಡಿದರು, ಓರೆ ನೋಡಿದರು. ಅಲ್ಲಾಡಲಿಲ್ಲ. ತುಂಬ ಹೊತ್ತಾದ ಮೇಲೆ ತಲೆ ಎತ್ತಿ, "ಕಂಡ್ತು" ಎಂದರು.

"ಬಳೆ?"

"ಹ್ಞೂಂ. ಕಂಡ್ತು. ನೀನು ನೋಡು."

ನೋಡಿದೆ. ಏನೂ ಇರಲಿಲ್ಲ. ಬರೀ ಕಪ್ಪು. ಒಂದು ನಿಮಿಷ ಬಿಟ್ಟರೆ ಸಾಕು, ಗ್ರಹ ಸರಿದು ಆಚೆ ಹೋಗಿಬಿಡುತ್ತದೆ, ಕೊಳವೆಯನ್ನು ಸರಿಸುತ್ತಾ ಹೋಗಬೇಕು ಎಂದು ಸೋಡಾಬುಡ್ಡಿ ಹೇಳಿದ್ದರು. ಇವರು ಸರಿಸಿರಲಿಲ್ಲ.

ನಾನು ಮೆಲ್ಲಗೆ ಕೊಳವೆ ತಳ್ಳಿ ಹುಡುಕಿದೆ. ಸಿಕ್ಕಿತು. ಇಷ್ಟೇ ಇಷ್ಟು, ಅಂಗಿ ಗುಂಡಿಗಿಂತ ಸಣ್ಣದು, ಸುತ್ತ ಒಂದು ಗೆರೆಯಷ್ಟು ತೆಳ್ಳನೆಯ ಬಳೆ. ಅಷ್ಟು ಚೊಕ್ಕ, ಅಷ್ಟು ನಿಜ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ನಗು ಬಂತು, ಜೊತೆಗೇ ಅಳುವೂ ಬಂತು.

ಇವರನ್ನು ಮತ್ತೇನೂ ಕೇಳಲಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಡಿಸೆಂಬರ್ ೮

ನೆಲ ಒರೆಸಿದೆ. ಕಿಟಕಿ ಒರೆಸಿದೆ. ಹಿಂದಿನ ಕೋಣೆ ತೊಳೆದೆ. ಮನೆ ಲಕಲಕ ಅನ್ನುತ್ತಿದೆ, ಕಾಲಿಡಲು ಮನಸ್ಸಾಗುವುದಿಲ್ಲ. ಇವರು ಸ್ಟೂಲಿನ ಮೇಲೆ ಕೂತು ಖಾಲಿ ಡ್ರಮ್ಮಿನ ಅಂಚು ಸವರುತ್ತಿದ್ದರು.

"ಊಟಕ್ಕೆ ಬನ್ನಿ" ಎಂದರೆ ಬಂದರು. "ಮಲಗಿ" ಎಂದರೆ ಮಲಗಿದರು, ಗೋಡೆ ಕಡೆಗೆ.

ಡಿಸೆಂಬರ್ ೧೧

ಲಾಂಡ್ರಿಯಲ್ಲಿ ಅರ್ಧ ದಿನ ರಜೆ ಹಾಕಿ ಸೋಡಾಬುಡ್ಡಿಯ ಅಂಗಡಿಗೆ ಹೋದೆ. ಒಳಗಿನ ಕಪಾಟಿನಲ್ಲಿ ಒಂದು ಜೊತೆ ಬಿಲ್ಲೆಗಳಿವೆ ಎಂದು ಗೊತ್ತಿತ್ತು, ನಮ್ಮದರ ಎರಡರಷ್ಟು ಅಗಲ. "ಅತ್ತಿಗೆ, ಇದು ಹುಡುಗಾಟ ಅಲ್ಲ, ನಾನೇ ಹೆದರಿ ಮುಟ್ಟಿಲ್ಲ" ಎಂದರು. ಗೋಣಿಚೀಲಕ್ಕೆ ಹಾಕಿಸಿಕೊಂಡು ಹೊತ್ತು ತಂದೆ. ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂತೆ.

ಡ್ರಮ್ಮಿನ ಮೇಲೆ ಇಟ್ಟಾಗ ಧಡ್ ಎಂದಿತು. ಇವರು ಬಂದು ಎರಡೂ ಕೈಯಿಂದ ಅಂಚು ಹಿಡಿದು ಸುತ್ತಲೂ ತಡವಿದರು.

"ಎಷ್ಟು ದಿನ ಹಿಡಿಯುತ್ತಂತೆ?"

"ಎರಡು ವರ್ಷ ಆಗ್ಬಹುದಂತೆ. ಮುಗಿದ್ರೆ."

"ಅಷ್ಟರಲ್ಲಿ ನನಗೇನೂ ಕಾಣಲ್ಲ ಕಣೇ."

"ಕಿವಿ ಇದೆಯಲ್ಲ."

ಗಾಜಿನ ಮೇಲಿಂದ ಕೈ ತೆಗೆಯದೆ, "ಆವತ್ತು ನನಗೆ ಬಳೆ ಕಾಣ್ಲಿಲ್ಲ. ಒಂದು ಬೆಳಕಿನ ಚುಕ್ಕೆ, ಅಂಚಲ್ಲಿ ಬಂದ ಹಾಗಾಗಿ ಹೋಯ್ತು, ಅಷ್ಟೇ" ಎಂದರು.

ಗೊತ್ತಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. "ನಾನು ಆ ಸುಳ್ಳು ಹೇಳದೇ ಇದ್ದಿದ್ರೆ..." ಎಂದೆ.

"ಕಾಣ್ತಿತ್ತೇನೋ. ಕಾಣ್ತಿರ್ಲಿಲ್ವೇನೋ. ಆದ್ರೆ ನೀನು ಬರೀ ನೀರು ಹಾಕಿ ಉಜ್ಜಿದ ದಿನ ಇದೆಯಲ್ಲ, ಅದನ್ನ ಕೊಟ್ಬಿಡು, ಬಳೆ ತೋರಿಸ್ತೀನಿ ಅಂತ ಆ ಶನಿಯೇ ಇಳಿದು ಬಂದು ಕೇಳಿದ್ರೂ ನಾನು ಕೊಡಲ್ಲ."

ನಾನು ಅಡುಗೆಮನೆಗೆ ಹೋದೆ. ಬರುವಾಗ ಚೊಂಬಿನಲ್ಲಿ ನೀರು ತಂದೆ. ಇವರು ಆಗಲೇ ತೋಳು ಮಡಿಚಿ, ಅಂಗೈ ಎರಡೂ ಗಾಜಿನ ಮೇಲಿಟ್ಟು ಕಾಯುತ್ತಿದ್ದರು. ನೀರು ಚಿಮುಕಿಸಿದ ಸದ್ದಿಗೆ ತಲೆ ಓರೆ ಮಾಡಿ ಕೇಳಿದರು:

"ಈ ಸಲ ಪುಡಿ ಹಾಕ್ತೀಯೋ, ಬರೀ ನೀರೋ?"